ಹಳದಿ ಅಲಗಿನ ತೂಕ

ಹಳದಿ ಅಲಗು ಕೆಳಗಿಳಿಯುತ್ತಿದೆ, ಕರ್ನಾಟಕದ ಚರಿತ್ರೆ ಬರೆಯುವವರು ದಯವಿಟ್ಟು ಗುರುತು ಹಾಕಿಕೊಳ್ಳಬೇಕು, ೧೯೭೩ನೇ ನವೆಂಬರ್ ಒಂದು, ಬೆಳಿಗ್ಗೆ ಹತ್ತೂಕಾಲು, ಮಲಯಾಳಿಗಳ ನಡುವಿನ ಈ ಉಳ್ಳೂರಿನ ಶಾಲಾ ಮೈದಾನ, ಎರಡು ಕಾಫಿ ಲೋಟಗಳ ಮೇಲೆ ಅಡ್ಡಲಾಗಿ ಒಂದು ಹೆಣಿಗೆ ಕಡ್ಡಿ, ಕಡ್ಡಿಯಲ್ಲಿ ಪೋಣಿಸಿದ ನನ್ನ ಪ್ರೊಪೆಲರ್, ಕೆಂಪು ಅಲಗು ಆಕಾಶಕ್ಕೆ, ಹಳದಿಯದು ನೆಲಕ್ಕೆ — ಮೊನ್ನೆ ಸಮವಾಗಿ ನಿಂತಿತ್ತು, ನೊಣ ಕೂತರೆ ವಾಲುವಷ್ಟು ಸಮ, ತುಂಬಾ ರಾಕೆಟ್ ಕೇಂದ್ರದ ನಮ್ಮ ಆಫೀಸು ಬಿಸಾಡಿದ ಪ್ಯಾಕಿಂಗ್ ಪೆಟ್ಟಿಗೆಯ ಮರ, ಅಂಗುಲಕ್ಕೊಂದು ಪೋಸ್ಟ್‌ಕಾರ್ಡನ್ನು ಅಲಗಿನ ಓರೆಯ ಅಚ್ಚಾಗಿ ಕತ್ತರಿಸಿ, ಮರಕ್ಕೆ ಒತ್ತಿ ನೋಡಿ ನೋಡಿ ಕೆತ್ತಿದ್ದು, ಬುಡದಲ್ಲಿ ಕಡಿದಾದ ಓರೆ, ತುದಿಗೆ ಹೋಗುತ್ತ ಚಪ್ಪಟೆ, ಗಾಜಿನ ಚೂರಿನಿಂದ ಹೆರೆದು ಹೆರೆದು ಮೂರು ವಾರ, ಮೊದಲಿನ ಎರಡು ಮುರಿದಿದ್ದವು, ಇದೂ ಮುರಿದ್ರೆ ಆ ಎಂಜಿನ್ನ ಕಾಯಲಿನ ಹಿನ್ನೀರಿಗೆ ಹಾಕಿ ಬನ್ನಿ ಎಂದಿದ್ದಾಳೆ ನಿರ್ಮಲ, ಹೆಂಡತಿಯ ಮಾತು, ಬೆದರಿಕೆ ಅಲ್ಲ, ವೇಳಾಪಟ್ಟಿ. ಚಾಲಕನಿಲ್ಲದ ಪುಟ್ಟ ಮಾದರಿ ವಿಮಾನ, ಎರಡು ತಂತಿ ಹಿಡಿದು ನಾನು ನಡುವೆ ನಿಲ್ಲಬೇಕು, ಅದು ನನ್ನ ಸುತ್ತ ಹಾರಬೇಕು, ಅಷ್ಟೇ ಇದ್ದದ್ದು, ಅಷ್ಟರಲ್ಲಿ ವೀರಭದ್ರ, ನಮ್ಮ ಕನ್ನಡ ಸಂಘದ ಕಾರ್ಯದರ್ಶಿ, ಬ್ಯಾಂಕಿನ ಏಜೆಂಟರು, ಧಾರವಾಡದ ಗಂಟಲು — ಏನ್ರೀ ವಿಶ್ವೇಶ್ವರ, ಬರೇ ಕಟಗಿ ತಿರಗಸ್ತೀರೇನು, ನಾಡಿಗೆ ಹೊಸಾ ಹೆಸರು ಬಂದದ, ಒಂದ್ ರೆಕ್ಕಿಗೆ ಹಳದಿ, ಒಂದಕ್ಕ ಕೆಂಪ ಹಚ್ಚೋಣು. ತೂಕ ಕೆಡತ್ತೆ ಸಾರ್, ಅಂದೆ. ಬಣ್ಣಕ್ಕ ಎಂಥಾ ತೂಕಾರೀ, ತುಂಬಾದಾಗ ಇದನ್ನ ಕಲಸ್ತಾರೇನು? ಸಮಿತಿ ನಕ್ಕಿತು, ಭೌತಶಾಸ್ತ್ರವನ್ನು ಮತಕ್ಕೆ ಹಾಕಿತು, ಹದಿನಾಲ್ಕಕ್ಕೆ ಒಂದು, ವೀರಭದ್ರರೇ ಮನೆಗೊಯ್ದು ಬಳಿದರು, ಕೆಂಪು ಒಂದೇ ಸಲಕ್ಕೆ ಹತ್ತಿತು, ಹಳದಿ ಹತ್ತಲಿಲ್ಲ, ನಾಕ್ ಕೋಟ್ ಹಚ್ಚೀನ್ರೀ, ಹ್ಯಾಂಗ್ ಹೊಳೀತದ ನೋಡ್ರಿ — ಹೊಳೆಯುತ್ತದೆ ಸ್ವಾಮಿ, ಹೊಳೆಯುತ್ತಲೇ ಕೆಳಗಿಳಿಯುತ್ತದೆ, ನಿಮಿಷಕ್ಕೆ ಹತ್ತು ಸಾವಿರ ಸುತ್ತಿನಲ್ಲಿ ಈ ಹೊಳಪು ನಡುಗಿ ನಡುಗಿ ಎಂಜಿನ್ನನ್ನೇ ಕಿತ್ತುಕೊಂಡು ಹೋಗುತ್ತದೆ, ಯಾರ ಮೊಣಕಾಲಿಗೆ ಹೋಗುತ್ತದೋ, ಮುಂದಿನ ಸಾಲಿನಲ್ಲಿ ಇಂದುಮತಿಯವರು ನಾಡಗೀತೆಗೆ ಶ್ರುತಿ ಹಿಡಿಯುತ್ತಿದ್ದಾರೆ. ಕೆಂಪಿಗೆ ಇನ್ನೂ ಮೂರು ಕೋಟ್ ಬಳಿಯಬಹುದು, ಒಣಗುವುದು ನಾಳೆ. ಬಾಯಿಬಿಟ್ಟರೆ, ಕೆತ್ತಲು ಬಾರದವನು ತಪ್ಪನ್ನು ಬಣ್ಣದ ಮೇಲೆ ಹಾಕುತ್ತಾನೆ ಅನ್ನುತ್ತಾರೆ. ಸುಮ್ಮನಿದ್ದು ಮುರಿಯಲು ಬಿಟ್ಟರೆ — ಎಷ್ಟು ರುಚಿಯಾದ ಯೋಚನೆ — ಆದರೆ ವೀರಭದ್ರರ ಹಳದಿ ಮುರಿಯಿತು ಎಂದು ಯಾರು ಹೇಳುತ್ತಾರೆ, ವಿಶ್ವೇಶ್ವರನ ಪ್ರೊಪೆಲರ್ ಮುರಿಯಿತು ಎಂದೇ, ಮೂರನೆಯದು. ಜೇಬಿನಲ್ಲಿ ಶೇವಿಂಗ್ ಬ್ಲೇಡಿದೆ. ಕೆರೆಯುತ್ತೇನೆ, ಸಿಪ್ಪೆ ಸುರುಳಿಸುರುಳಿಯಾಗಿ ಬೀಳುತ್ತದೆ, ಕಡ್ಡಿಗೆ ಪೋಣಿಸಿ ನೋಡುತ್ತೇನೆ, ಇನ್ನೂ ಇಳಿಯುತ್ತದೆ, ಮತ್ತೆ ಕೆರೆಯುತ್ತೇನೆ, ಶ್ರುತಿ ನಿಂತಿದೆ, ವೀರಭದ್ರ ಓಡಿ ಬರುತ್ತಿದ್ದಾರೆ, ಏನ್ರೀ ಇದು, ರಾಜ್ಯೋತ್ಸವದ ದಿನಾ ಹಳದಿ ಕೆರೀತಾನಲ್ರೀ, ಮೈಸೂರು ಅನ್ನೋ ಹೆಸರು ಹೋತಂತ ಹೊಟ್ಟಿಉರಿ ಇವಂಗ, ಕಸಗೋರ‍್ರೀ ಬ್ಲೇಡ್ — ಇನ್ನೊಂದು ಎಳೆ, ಇನ್ನೊಂದೇ, ಹಳದಿ ಅಲಗು ಏಳುತ್ತಿದೆ, ಏಳುತ್ತಿದೆ, ನಿಂತಿತು, ಅಲುಗದೆ, ಅಡ್ಡಕ್ಕೆ, ಅರ್ಧ ಬೋಳಾಗಿ, ಹಳದಿ.

ವಿಮಾನ ಹನ್ನೊಂದು ಸುತ್ತು ಹಾರಿತು. ಸಂಜೆಯ ಸಭೆಯಲ್ಲಿ ನನ್ನನ್ನು ಸಂಘದಿಂದ ತೆಗೆದರು.