ಅರಿಶಿನ ಹೊರಡುವ ಹೊತ್ತು

ನಮ್ಮತ್ತೆ ಶಾಂತಮಲ್ಲಮ್ಮನವರ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಅರಿಶಿನ ಹೊಸ್ತಿಲು ದಾಟುವಂತಿಲ್ಲ. ಉಪ್ಪು, ಮೊಸರನ್ನಾದರೂ ಒಮ್ಮೊಮ್ಮೆ ಕಂಡೂ ಕಾಣದಂತೆ ಕೊಟ್ಟಾರು, ಅರಿಶಿನ ಮಾತ್ರ ಇಲ್ಲ. ಅದರ ಹಿಂದೆಯೇ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ಮದುವೆಯಾಗಿ ಉಡಿಗಾಲ ಎಂಬ ಈ ಊರಿಗೆ ಬಂದ ಹೊಸದರಲ್ಲಿ ನನಗೆ ಇದನ್ನು ಕೇಳಿ ನಗು ಬರುತ್ತಿತ್ತು. ಮೊಬೈಲಿನಲ್ಲಿ ಅಂಗಡಿ ತೆರೆದ ಮೇಲೆ ನಗು ನಿಂತಿತು.

ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದಕ್ಕೂ ಒಂದು ನೋಟಿಸು ಕಳಿಸಿಯಾರು. ನಮ್ಮ ಹೊಲದ ಅರಿಶಿನವನ್ನೇ ಬೇಯಿಸಿ, ಒಣಗಿಸಿ, ಪುಡಿ ಮಾಡಿಸಿ ‘ಶಾಂತಮ್ಮನ ಅರಿಶಿನ’ ಅಂತ ಆ ಆ್ಯಪಿನಲ್ಲಿ ಮಾರುತ್ತಿದ್ದೆ. ಪೊಟ್ಟಣದ ಮೇಲೆ ಹಣೆತುಂಬ ವಿಭೂತಿ ಹಚ್ಚಿಕೊಂಡ ಅತ್ತೆಯ ಫೋಟೊ. ಮೈಸೂರು, ಹುಬ್ಬಳ್ಳಿಯಿಂದೆಲ್ಲ ಆರ್ಡರು ಬರುತ್ತಿದ್ದವು. ಬಿ.ಕಾಂ. ಓದಿ, ಇಲ್ಲಿಗೆ ಬಂದು, ಮೃತ್ಯುಂಜಯನ ಹೆಂಡತಿ, ಶಾಂತಮಲ್ಲಮ್ಮನ ಸೊಸೆ ಅಂತಲೇ ಕರೆಸಿಕೊಂಡವಳು ನಾನು. ಮಧುಶ್ರೀ ಅನ್ನುವ ಹೆಸರು ಉಳಿದದ್ದು ಆ ಅಂಗಡಿಯಲ್ಲಿ ಮಾತ್ರ. ನನ್ನದು ಅಂತ ಇದ್ದದ್ದು ಅದೊಂದೇ.

ಮೊದಲು ದೊರೆಸ್ವಾಮಿ ಎಂಬ ಕೊರಿಯರಿನವರು ಚಾಮರಾಜನಗರದಿಂದ ಬೆಳಿಗ್ಗೆಯೇ ಬೈಕಿನಲ್ಲಿ ಬಂದು ಡಬ್ಬ ಒಯ್ಯುತ್ತಿದ್ದರು. ಯುಗಾದಿಯ ಹೊತ್ತಿಗೆ ಆ್ಯಪ್ ಹೊಸದಾಯಿತು, ನಮಗೆ ಗ್ರಹಚಾರ ಹಿಡಿಯಿತು. ಅದು ಅವರನ್ನು ಮೊದಲು ಗುಂಡ್ಲುಪೇಟೆಗೆ ಓಡಿಸಿ, ಅಲ್ಲಿನದೆಲ್ಲ ಮುಗಿಸಿದ ಮೇಲೆ ನಮ್ಮೂರಿಗೆ ಕಳಿಸತೊಡಗಿತು. ಅವರು ಬಂದು ನಿಲ್ಲುವಷ್ಟರಲ್ಲಿ ಅತ್ತೆ ದೀಪ ಹಚ್ಚಿಬಿಟ್ಟಿರುತ್ತಿದ್ದರು.

“ನಾಳೆ ಬೆಳಿಗ್ಗೆ ಬಾಪ್ಪ. ಈ ಒತ್ನಲ್ಲಿ ಅರಿಸ್ನ ಕೊಟ್ಟರಾ ಯಾರಾದ್ರೂ?” ಎಂದು ಅತ್ತೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು.

“ನಮ್ಮನೇಲೂ ಕೊಡಲ್ಲ ಕಣವ್ವ. ನಂಗೆ ಗೊತ್ತು, ಈ ಮೊಬೈಲ್ಗೆ ಗೊತ್ತಿಲ್ವಲ್ಲ,” ಅನ್ನುತ್ತಿದ್ದರು ದೊರೆಸ್ವಾಮಿ. ‘ಮಾರಾಟಗಾರರು ಸಿದ್ಧವಿಲ್ಲ’ ಎಂಬುದನ್ನು ಒತ್ತಿ ಹೊರಡುತ್ತಿದ್ದರು.

ನಾನೂ ಸುಮ್ಮನೆ ಕೂರಲಿಲ್ಲ. ಹೊತ್ತಿರುವಾಗಲೇ ಡಬ್ಬವನ್ನು ಪಕ್ಕದ ಚಿಕ್ಕಮಲ್ಲಮ್ಮನ ಮನೆಯಲ್ಲಿಟ್ಟೆ. ಅವರೇನು ದೀಪ ಹಚ್ಚದವರೇ? ಅಲ್ಲಿಂದಲೂ ಹೊರಡಲಿಲ್ಲ. ಜಗುಲಿಯ ಮೇಲಿಡೋಣವೆಂದರೆ, ಜಗುಲಿ ಮನೆಯದಲ್ಲವೇ ಅಂದರು ಅತ್ತೆ. ಬಸ್ ಸ್ಟ್ಯಾಂಡಿಗೆ ಒಯ್ದು ಕೊಡಲು ಹೋದರೆ, ವಿಳಾಸ ಬಿಟ್ಟು ಬಂದಿದ್ದೀರಿ ಎಂದು ಆ್ಯಪ್ ಓಟಿಪಿಯನ್ನೇ ತೆಗೆದುಕೊಳ್ಳಲಿಲ್ಲ.

ಹೊತ್ತು ಬದಲಿಸಲು ಅದರಲ್ಲೊಂದು ಬಟನ್ ಇತ್ತು. ಒತ್ತಿದರೆ ಗಿರಗಿರ ತಿರುಗಿ ‘ಏನೋ ತಪ್ಪಾಗಿದೆ’ ಅನ್ನುತ್ತಿತ್ತು. ಏನು ತಪ್ಪಾಗಿದೆ ಅಂತ ಅದಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕಸ್ಟಮರ್ ಕೇರಿಗೆ ಫೋನು ಮಾಡಿದರೆ ಮೊದಲು ಹಿಂದಿ, ಆಮೇಲೆ ಸಂಗೀತ, ಆಮೇಲೆ ಒಬ್ಬಳು ಹುಡುಗಿ. ಅವಳಿಗೆ ಅರಿಶಿನ, ದೀಪ, ಲಕ್ಷ್ಮಿ ಎಲ್ಲವನ್ನೂ ಬಿಡಿಸಿ ಹೇಳಿದೆ. “ಅರ್ಥವಾಯಿತು ಮೇಡಂ,” ಅಂದಳು. ಮಾರನೆಯ ದಿನ ಮೆಸೇಜು: ‘ನಿಮ್ಮ ಮನೆಯ ದೀಪದ ಸಮಸ್ಯೆಗೆ ವಿದ್ಯುತ್ ಕಚೇರಿಯನ್ನು ಸಂಪರ್ಕಿಸಿ. ದೂರು ಮುಕ್ತಾಯವಾಗಿದೆ.’ ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೋಣವಾದರೂ ಒಮ್ಮೆ ಕತ್ತೆತ್ತಿ ನೋಡುತ್ತದೆ.

ಕೊನೆಗೆ ಎಚ್ಚರಿಕೆ ಬಂತು. ಇನ್ನೊಂದು ಸಲ ಡಬ್ಬ ಹೊರಡದಿದ್ದರೆ ಅಂಗಡಿ ಬಂದ್. ನನ್ನ ಹೆಸರಿನಲ್ಲಿ ಮತ್ತೆಂದೂ ತೆರೆಯುವಂತಿಲ್ಲ.

“ಬುಡು ಅತ್ಲಾಗೆ, ಮಂಡಿಗೆ ಆಕ್ಬುಡನ,” ಅಂದ ಮೃತ್ಯುಂಜಯ. ಅವನಿಗೆ ಅದು ಅರಿಶಿನ, ಅಷ್ಟೇ. ನಾನು ಅಡುಗೆಮನೆಗೆ ಹೋಗಿ ಕಂಪನಿಯ ಮೇಲಿನ ಸಿಟ್ಟು, ಅವನ ಮೇಲಿನ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಅತ್ತೆಯ ಮೇಲಿನ ಸಿಟ್ಟನ್ನು ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಆಮೇಲೆ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಬಾಗಿಲಲ್ಲಿ ನಿಂತು ನೋಡಿದ ಅತ್ತೆ ದೇವರಮನೆಯ ಕಡೆ ಹೋದರು.

ಮಾರನೆಯ ಸಂಜೆ ಹುಬ್ಬಳ್ಳಿಯ ಡಬ್ಬ ಹೊರಡಬೇಕಿತ್ತು. ಹೊತ್ತು ಮುಳುಗಿತು. ಬೀದಿಯ ಮನೆಗಳಲ್ಲಿ ಒಂದೊಂದಾಗಿ ದೀಪ ಹತ್ತಿದವು. ನಮ್ಮ ದೇವರಮನೆ ಮಾತ್ರ ಹಾಗೇ ಇತ್ತು. ದೇವರ ದೀಪಕ್ಕಿಂತ ಮೊದಲು ನಮ್ಮಲ್ಲಿ ಬಲ್ಬನ್ನೂ ಹಾಕುವುದಿಲ್ಲ, ಹಾಗಾಗಿ ಇಡೀ ಮನೆ ಕತ್ತಲು. ಹೊರಗೆ ಬಂದು ನೋಡಿದರೆ ಅತ್ತೆ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತಿದ್ದರು.

“ಅತ್ತೆ, ದೀಪ?” ಅಂದೆ.

“ಇರ್ಲಿ ಕಣಮ್ಮಿ. ಅವ್ನು ಬಂದು ತಕ್ಕಂಡೋಗ್ಲಿ, ಆಮೇಲೆ ಅಚ್ತೀನಿ. ದೇವ್ರು ವಸಿ ಒತ್ತು ಕಾಯ್ತನೆ.”

ಅತ್ತೆಯ ಬಾಣಂತನದಲ್ಲೂ, ಮಾವ ತೀರಿಕೊಂಡ ದಿನವೂ ಆ ಮನೆಯಲ್ಲಿ ದೀಪ ತಡವಾದದ್ದಿಲ್ಲ ಎಂದು ಊರೇ ಹೇಳುತ್ತಿತ್ತು. ಹಿಂದಿನ ದಿನದ ಸಿಟ್ಟನ್ನು ನೆನೆದು ನಾಚಿಕೆಯಾಯಿತು.

ನೀರು ಹೊತ್ತು ಬರುತ್ತಿದ್ದ ಚಿಕ್ಕಮಲ್ಲಮ್ಮ ಗಾಬರಿಯಿಂದ ನಿಂತರು. “ಯಾಕವ್ವ, ಮುಸ್ಸಂಜೇಲಿ ಮನೆ ಕತ್ಲು ಮಾಡ್ಕಂಡು ಕುಂತಿದ್ದೀ? ಯಾರ್ಗೇನಾಯ್ತು?”

“ಯಾರ್ಗೂ ಏನೂ ಆಗಿಲ್ಲ ಓಗವ್ವ. ಸೊಸೆ ಅಂಗ್ಡಿಯವ್ರು ಬರ್ಬೇಕು,” ಅಂದರು ಅತ್ತೆ. ಅವರು ‘ಸೊಸೆ ಅಂಗಡಿ’ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಬೈಕಿನ ಸದ್ದು ಕೇಳಿಸದೆ, ತಡೆಯಲಾರದೆ ದೊರೆಸ್ವಾಮಿಗೆ ಫೋನು ಮಾಡಿದೆ.

“ಇವತ್ತು ನಿಮ್ಮೂರೇ ನನ್ ಮೊಬೈಲ್ನಲ್ಲಿ ತೋರುಸ್ನಿಲ್ಲ ಕಣಕ್ಕ,” ಅಂದರು ಅವರು. “ಗುಂಡ್ಲುಪೇಟೆಯಿಂದ ಸೀದಾ ಚಾಮ್ರಾಜ್‌ನಗರ್ಕೆ ಬಂದ್ಬುಟ್ಟೆ. ಈಗ ಬಂದ್ರೂ ಅದು ತಕ್ಕಳಲ್ಲ.”

ಫೋನು ಇಡುವ ಮೊದಲೇ ಮೆಸೇಜು ಬಂದು ಬಿತ್ತು: ‘ನಮ್ಮ ಪ್ರತಿನಿಧಿ ಭೇಟಿ ನೀಡಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ನಿಮ್ಮ ಅಂಗಡಿಯನ್ನು ಮುಚ್ಚಲಾಗಿದೆ.’

“ಏನಂತಮ್ಮಿ?” ಅಂದರು ಅತ್ತೆ.

“ಬಂದಿದ್ರಂತೆ. ಮನೇಲಿ ಯಾರೂ ಇರ್ಲಿಲ್ವಂತೆ.” ಅಂಗಡಿ ಮುಚ್ಚಿದ ಮಾತು ಬಾಯಿಗೆ ಬರಲಿಲ್ಲ.

“ಯಾರೂ ಇರ್ನಿಲ್ವಾ?” ಅತ್ತೆಯ ದನಿ ಏರಿತು. “ದೀಪಾನೂ ಅಚ್ದೆ ಇಲ್ಲೇ ಕುಂತಿವ್ನಲ್ಲಮ್ಮಿ! ನಾನಿವ್ನಿ ಅಂತ ಏಳು ಅವ್ರಿಗೆ.”

ದೂರಿನ ಪುಟ ತೆರೆದೆ. ಬರೆಯುವ ಜಾಗವೇ ಇರಲಿಲ್ಲ. ‘ಇಂಥ ಖಾತೆ ಇಲ್ಲ’ ಎಂದಷ್ಟೇ ಇತ್ತು. ಆದರೂ ಬೆರಳಾಡಿಸಿದೆ, ಅತ್ತೆ ನೋಡುತ್ತಿದ್ದರು.

“ಏಳುದ್ಯಾ?”

“ಹೇಳ್ದೆ ಅತ್ತೆ.”

ಅವರು ಸೆರಗು ಸರಿಮಾಡಿಕೊಂಡು, ಡಬ್ಬವನ್ನು ಮಡಿಲಲ್ಲಿ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. “ಅಂಗಾದ್ರೆ ಬತ್ತರೆ ಬುಡು,” ಅಂದರು. “ಇನ್ನೊಸಿ ಒತ್ತು ನೋಡನ.”