ಮಹಾರಾಯ್ತಿಗೆ ದಾರಿ

"ನಿಲ್ಲಿ! ಯಾರೂ ಅಲ್ಲಾಡಬೇಡಿ!"

ಮಗಳ ಕೂಗಿಗೆ ಅಪ್ಪನ ಶವಪೆಟ್ಟಿಗೆ ಹೊತ್ತಿದ್ದ ನಾಲ್ವರೂ ಅಂಗಳದ ನಡುವೆಯೇ ನಿಂತುಬಿಟ್ಟರು. ಲಾಯದ ಬಾಗಿಲು ಹಾರುಹೊಡೆದಿತ್ತು. ನೀರು ಕುಡಿಸಲು ಹೋದ ನೆಂಟರೊಬ್ಬರು ಅಗುಳಿ ಹಾಕಲು ಮರೆತಿದ್ದರು. ಕುರುಡು ಕುದುರೆ ಹೊರಗೆ ಬಂದಿತ್ತು.

ಯಾವಾಗಲೂ ಅಂಗೈಯಂತೆ ಖಾಲಿಯಿರುತ್ತಿದ್ದ ಅಂಗಳದಲ್ಲಿ ಇವತ್ತು ಕುರ್ಚಿಗಳದೇ ರಾಜ್ಯ. ಒಂದು ಕುರ್ಚಿ ಕುದುರೆಯ ಮೊಣಕಾಲಿಗೆ ತಗುಲಿ ದಡಾರನೆ ಉರುಳಿತು. ಕುದುರೆ ಮುಂಗಾಲೆತ್ತಿ ಕೆನೆಯಿತು.

"ಹಿಡೀರೋ ಅದನ್ನ!" ಚಿಕ್ಕಪ್ಪ ಮುನ್ನುಗ್ಗಿದ.

"ಬೇಡ ಚಿಕ್ಕಪ್ಪ! ಗಾಬರಿಬಿದ್ದು ಓಡಿದ್ರೆ ಕಾಲು ಮುರ್ಕೊಳ್ತಾಳೆ!"

*

ಐದು ವರ್ಷದ ಹಿಂದೆ ಉರಿಯೂತದಿಂದ ಕುದುರೆಯ ಎರಡೂ ಕಣ್ಣು ಹೋದಾಗ ಸವಾರಿ ಶಾಲೆಯವರು ಕೈಚೆಲ್ಲಿದ್ದರು. "ಎಲ್ಲಾದ್ರೂ ಗುದ್ದಿಕೊಂಡೇ ಸಾಯತ್ತೆ. ಇಂಜೆಕ್ಷನ್ ಕೊಟ್ಟು ಮುಗಿಸಿಬಿಡೋಣ," ಎಂದಿದ್ದ ಪಶುವೈದ್ಯ.

ಅಲ್ಲಿ ಲಾಯ ನೋಡಿಕೊಳ್ಳುತ್ತಿದ್ದ ಅಪ್ಪ ತಲೆ ಕೆರೆದುಕೊಂಡ. "ಕತ್ತಲಲ್ಲಿ ನಾನೂ ಬಚ್ಚಲಿಗೆ ಹೋಗ್ತೀನಿ ಸ್ವಾಮಿ. ಎಡವಲ್ಲ. ಯಾಕೆ ಹೇಳಿ? ಬಚ್ಚಲು ಜಾಗ ಬದಲಾಯಿಸಲ್ಲ."

ಕುದುರೆಯನ್ನು ಮನೆಗೇ ತಂದ. ಗೋಡೆಯ ಮೊಳೆಗಳನ್ನೆಲ್ಲ ಕಿತ್ತ, ಮೂಲೆಗಳಿಗೆ ಹಳೇ ಹಾಸಿಗೆ ಕಟ್ಟಿದ. ಬೇಲಿಗೆ ನಾಲ್ಕು ಹೆಜ್ಜೆ ಮುಂಚೆ ಸುತ್ತಲೂ ಜಲ್ಲಿ ಹಾಸಿದ. ಗೊರಸಿಗೆ ಜಲ್ಲಿ ಸಿಕ್ಕಿದರೆ ಅದು ತಾನಾಗಿ ನಿಲ್ಲುತ್ತಿತ್ತು. ನೀರಿನ ತೊಟ್ಟಿ ಒಂದು ಗೇಣೂ ಜರುಗಲಿಲ್ಲ. ಕುದುರೆಯನ್ನು ಮುಟ್ಟುವ ಮೊದಲು ಮಾತಾಡಿಸುತ್ತಿದ್ದ: ಮಂಡಿನೋವು, ಪಕ್ಕದ ಮನೆಯ ಜಗಳ, ಬಾಯಿಗೆ ಬಂದದ್ದು. "ಮಹಾರಾಯ್ತಿ, ಕೇಳಿದ್ಯಾ?"

"ಇದರಲ್ಲಿ ಕಾಲುಭಾಗ ನನ್ನ ಹತ್ರ ಆಡಬಾರ್ದಾ ಅಪ್ಪ?" ಎಂದು ಮಗಳು ಒಮ್ಮೆ ಸಿಡುಕಿದ್ದಳು.

"ನಿನಗೆ ಕಣ್ಣಿದೆಯಲ್ಲೇ. ಮುಖ ನೋಡಿದ್ರೆ ತಿಳಿಯತ್ತೆ."

*

ಮಗಳು ಒಂದು ಹೆಜ್ಜೆ ಮುಂದಿಟ್ಟಳು.

"ಮಹಾರಾಯ್ತಿ... ನಾನೇ ಕಣೇ." ಮುಂದೇನು ಹೇಳುವುದು? "ಬೆಳಿಗ್ಗೆ ಹಾಲು ಉಕ್ಕಿಹೋಯ್ತು. ಆಮೇಲೆ... ಚಿಕ್ಕಪ್ಪನ್ನ ನೋಡು, ಒಂದು ಕಾಲಲ್ಲಿ ಕಪ್ಪು ಬೂಟು, ಇನ್ನೊಂದರಲ್ಲಿ ಕಂದು!"

ಚಿಕ್ಕಪ್ಪ ಬಗ್ಗಿ ನೋಡಿಕೊಂಡ. ಹೌದು! ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಕುದುರೆಯ ಕಿವಿಗಳು ಅವಳತ್ತ ತಿರುಗಿದವು.

ಮಾತು ನಿಲ್ಲಿಸದೆ ಅವಳು ಕಣ್ಸನ್ನೆ ಮಾಡಿದಳು. ಒಬ್ಬರು ತಮ್ಮ ಕುರ್ಚಿಯನ್ನು ಮೆಲ್ಲಗೆ ತಲೆಯ ಮೇಲಕ್ಕೆತ್ತಿದರು. ಪಕ್ಕದವರೂ ಎತ್ತಿದರು. ನೋಡನೋಡುತ್ತ ಕುರ್ಚಿ ಹೊತ್ತವರು ಎರಡು ಸಾಲಾಗಿ ಸರಿದು, ನಡುವೆ ಲಾಯದವರೆಗೂ ದಾರಿ ಬಿಟ್ಟುಕೊಟ್ಟರು.

ಅವಳ ಅಂಗೈ ಬೆವೆತ ಕೊರಳನ್ನು ಮುಟ್ಟಿತು. "ಬಾ. ನೆಟ್ಟಗೆ. ಹಾಂ, ಹೊಸ್ತಿಲು..." ಕುದುರೆ ಕಾಲೆತ್ತಿ ಒಳಗಿಟ್ಟಿತು. ಮೈ ಸವರಿ ನೋಡಿದಳು. ಮೊಣಕಾಲಲ್ಲಿ ಒಂದು ತರಚು, ಅಷ್ಟೇ. ಅಗುಳಿ ಬಿತ್ತು.

"ಗೆದ್ದುಬಿಟ್ಟೆ ಕಣೇ!" ಚಿಕ್ಕಪ್ಪ ಪಿಸುಗುಟ್ಟಿದ. ಅವನ ಕಣ್ಣಲ್ಲಿ ನೀರು, ಮುಖದ ತುಂಬ ನಗು.

ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದರು. ಡ್ರೈವರ್ ಕೀಲಿಗೆ ಕೈಹಾಕಿದ್ದೇ ತಡ, ಚಿಕ್ಕಪ್ಪ ಅವನ ಮಣಿಕಟ್ಟು ಹಿಡಿದ.

"ಸದ್ದು ಮಾಡಬೇಡಪ್ಪ. ಮಹಾರಾಯ್ತಿ ಈಗಷ್ಟೇ ಸಮಾಧಾನ ಆಗಿದಾಳೆ. ನ್ಯೂಟ್ರಲ್ಲಿಗೆ ಹಾಕು."

ಗಂಡಸರು ಹೆಂಗಸರು ಎಲ್ಲ ವ್ಯಾನಿನ ಹಿಂದೆ ಸೇರಿ ಭುಜ ಕೊಟ್ಟರು. ಇಸ್ತ್ರಿ ಬಟ್ಟೆಗಳಿಗೆ ಧೂಳು ಮೆತ್ತಿತು. ಉಸಿರು ಬಿಗಿಹಿಡಿದು, ತುದಿಗಾಲಲ್ಲಿ, ಅವರು ಅಪ್ಪನನ್ನು ಗೇಟಿನಾಚೆಗೆ ತಳ್ಳಿಕೊಂಡು ಹೋದರು.