ಹಿತ್ತಲ ಬಾಗಿಲಿಗೊಂದು ಸನ್ಮಾನ

ಮೂರ್ತಿ ಅಂಕಲ್‌ಗೆ ಸನ್ಮಾನ ಮಾಡಬೇಕೆಂಬುದು ನನ್ನ ಗಂಡ ಗುರುದತ್ತನ ಯೋಚನೆ. ಮಗಳು ಆದ್ಯಾಳ ಏಳನೇ ಹುಟ್ಟುಹಬ್ಬಕ್ಕೆ ಅವರನ್ನು ಹೇಗೂ ಕರೆಯುತ್ತೇವೆ, ಹಾಗೇ ಒಂದು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿಬಿಟ್ಟರೆ ಮನುಷ್ಯ ಖುಷಿಯಾಗುತ್ತಾರೆ, ನಮ್ಮ ಬಾಡಿಗೆ ಕರಾರು ಮುಂದುವರಿಸುತ್ತಾರೆ ಎಂದು ಅವನ ಲೆಕ್ಕ. ನಾನು ಬೇಡ ಎನ್ನಲಿಲ್ಲ.

ಮೂರ್ತಿ ಅಂಕಲ್ ನಮ್ಮ ಮನೆ ಓನರ್. ತಾವಿರುವುದು ಕೆಲ್ಲಿವಿಲ್‌ನ ಹೊಸ ಮನೆಯಲ್ಲಿ. ಗಿರಾವೀನ್‌ನ ಈ ಹಳೇ ಮನೆಯನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದಾರೆ. ನಾವು ಸಿಡ್ನಿಗೆ ಬಂದಿಳಿದಾಗ, ಇಲ್ಲಿ ಬಾಡಿಗೆಗಿದ್ದ ದಾಖಲೆಯಿಲ್ಲ ಎಂದು ಏಜೆಂಟರೆಲ್ಲ ತಲೆಯಾಡಿಸಿದ ಮೇಲೆ, 'ನಮ್ಮವರು' ಎಂದು ಕೀಲಿಕೈ ಕೊಟ್ಟವರು ಅವರು. ಅದನ್ನು ನಾನು ಮರೆತಿಲ್ಲ. ಮರೆಯಲು ಗುರುದತ್ತ ಬಿಟ್ಟರೆ ತಾನೆ? ನಲ್ಲಿ ಸೋರಿದರೆ ಹೇಳುವ ಹಾಗಿಲ್ಲ, ನಮ್ಮವರು. ಒಲೆ ಕೆಟ್ಟರೆ ಹೇಳುವ ಹಾಗಿಲ್ಲ, ನಮ್ಮವರು. ಬೇರೆ ಯಾರಾದರೂ ಓನರ್ ಆಗಿದ್ದರೆ ಮೊದಲ ವಾರವೇ ಈಮೇಲ್ ಹೋಗಿರುತ್ತಿತ್ತು.

ಹಿಂದಿನ ರೂಮಿನ ವಿಷಯದಲ್ಲಿ ಮಾತ್ರ ನನ್ನಿಂದ ಸುಮ್ಮನಿರಲು ಆಗಲಿಲ್ಲ. ಅದು ಆದ್ಯಾಳ ರೂಮು. ಹಿತ್ತಲಿಗೆ ತೆರೆಯುವ ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು. ಕಿಟಕಿಯ ಚೌಕಟ್ಟು ಮೂಲೆಯಲ್ಲಿ ಬಾಯಿಬಿಟ್ಟಿದೆ. ಏಣಿ ಹತ್ತಿ ಸೀಲಿಂಗ್ ಮೇಲೆ ಟಾರ್ಚ್ ಬಿಟ್ಟು ನೋಡಿದೆ. ಬೇರೆಯವರ ಮನೆಯಲ್ಲಿ ಚಳಿ ತಡೆಯಲು ಹಾಸಿಗೆಯ ಹಾಗೆ ದಪ್ಪಗೆ ಇನ್ಸುಲೇಷನ್ ಹಾಸಿರುವ ಜಾಗದಲ್ಲಿ ನಮ್ಮಲ್ಲಿ ಧೂಳು, ವೈರು ಬಿಟ್ಟರೆ ಇನ್ನೇನೂ ಇಲ್ಲ. ಹೀಟರ್ ಹಾಕಿದರೆ ಹಿತ್ತಲಿನ ನಿಂಬೆಗಿಡ ಬೆಚ್ಚಗಿರುತ್ತಿತ್ತೇ ಹೊರತು ಮಗುವಲ್ಲ. ಎರಡು ಚಳಿಗಾಲ ಆ ಹುಡುಗಿ ಸುಂಯ್ ಸುಂಯ್ ಎಂದು ಉಸಿರೆಳೆಯುತ್ತ, ಉಬ್ಬಸದ ಪಫರ್ ದಿಂಬಿನಡಿ ಇಟ್ಟುಕೊಂಡು ಹಾಲಿನ ಸೋಫಾದ ಮೇಲೆ ಮಲಗಿದಳು. ಈ ಸಲ ಅವಳು ತನ್ನ ರೂಮಿನಲ್ಲಿ ಬೆಚ್ಚಗೆ ಮಲಗಬೇಕು ಎಂದು ನಾನು ಹಟ ತೊಟ್ಟಿದ್ದೆ.

ಏಪ್ರಿಲ್‌ನಲ್ಲಿ ನಾನೇ ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸಿದೆ. ಒಂದು ಭಾನುವಾರ ಮೂರ್ತಿ ಅಂಕಲ್ ಕಾಫಿಗೆ ಬಂದವರು ಅದನ್ನು ನೋಡಿದರು. "ಪೇಂಟ್ ಕಿತ್ಕೊಂಡು ಬರುತ್ತಮ್ಮ" ಎಂದು ತಮ್ಮ ಕೈಯಾರೆ ಸರ್ರನೆ ಎಳೆದರು. ಪೇಂಟೂ ಕಿತ್ತುಕೊಂಡು ಬಂತು. ಸಾರಿ ಕೇಳಿದ್ದು ಗುರುದತ್ತ. ನಾನು ಸೀಲಿಂಗಿನ ಮಾತೆತ್ತಿದರೆ, "ಇದೆಂಥ ಚಳಿ? ಮೆಲ್ಬರ್ನ್‌ನಲ್ಲಿ ನಾವು..." ಎಂದು ಅಂಕಲ್ ಶುರು ಹಚ್ಚಿಕೊಂಡರು. ಅವರ ಮೆಲ್ಬರ್ನ್ ಕಥೆ ನಮಗೆಲ್ಲ ಬಾಯಿಪಾಠ. ಹೊಸದಾಗಿ ಈ ದೇಶಕ್ಕೆ ಬಂದಾಗ ಅಲ್ಲಿನ ಬಾಡಿಗೆ ಮನೆಯ ಕಿಟಕಿ ಸಂದಿಗೆ ಪೇಪರ್ ತುರುಕಿ ಚಳಿಗಾಲ ಕಳೆದ ಶೂರರು ಅವರು.

ಮೇ ಕೊನೆಯಲ್ಲಿ, ಇಲ್ಲಿ ಚಳಿಗಾಲ ಕಾಲಿಡುವ ಹೊತ್ತಿಗೆ, ಹುಟ್ಟುಹಬ್ಬ. ಆರತಿ ಹಾಲಿನಲ್ಲಿ ಬೇಡ, ಆದ್ಯಾಳ ರೂಮಿನಲ್ಲೇ ಆಗಲಿ ಎಂದೆ.

"ಅಲ್ಲಿ ಚಳಿ ಕಣೇ" ಎಂದ ಗುರುದತ್ತ.

"ಹೌದಾ? ಇವತ್ತು ಗೊತ್ತಾಯ್ತಾ?"

ಅವನು ಮಣೆ ಎತ್ತಿಕೊಂಡು ಆ ರೂಮಿಗೆ ಹೋದ.

ಸಂಜೆ ಅಂಕಲ್ ಬಂದರು, ಅವರ ಹೆಂಡತಿ ಸಂಧ್ಯಾರಾಣಿ ಆಂಟಿ ಬಂದರು, ಬ್ಲ್ಯಾಕ್‌ಟೌನ್‌ನಿಂದ ನಾಲ್ಕಾರು ಸ್ನೇಹಿತರು ಬಂದರು. ಅಂಕಲ್‌ಗೆ ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ಕುರ್ಚಿ ಹಾಕಿದೆ. ಬೇಕೆಂದೇ ಹಾಕಿದೆ. ಹೊರಗೆ ಗಾಳಿ ಎದ್ದಿತ್ತು. ಆದ್ಯಾ ರೇಷ್ಮೆ ಲಂಗದ ಮೇಲೆ ಶಾಲೆಯ ಜಾಕೆಟ್ ಹಾಕಿಕೊಂಡು ಮಣೆಯ ಮೇಲೆ ಕೂತಳು.

ಸಂಧ್ಯಾರಾಣಿ ಆಂಟಿ ಆರತಿ ತಟ್ಟೆ ಎತ್ತಿದರು. ದೀಪ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಮಗುವಿನ ಆರತಿ ಹೀಗೆ ನಡುವೆ ಆರಬಾರದು ಎಂಬುದು ಅಲ್ಲಿದ್ದ ಹೆಂಗಸರಿಗೆಲ್ಲ ಗೊತ್ತು.

"ಫ್ಯಾನ್ ಆಫ್ ಮಾಡಮ್ಮ ಅರುಂಧತಿ" ಎಂದರು ಅಂಕಲ್.

"ಫ್ಯಾನ್ ಇಲ್ಲ ಅಂಕಲ್. ಅದು ನಿಮ್ ಬಾಗ್ಲಿಂದ ಬರ್ತಿರೋ ಗಾಳಿ."

ಅವರು ನಕ್ಕು, ತಮ್ಮ ಜಾಕೆಟ್ಟಿನ ಜಿಪ್ ಕೊರಳ ತನಕ ಎಳೆದುಕೊಂಡರು. ಆ ನಗು ನೋಡಿ ನನಗೆ ಮೈಯೆಲ್ಲ ಉರಿಯಿತು. ಪಕ್ಕದ ಮೇಜಿನ ಮೇಲೆ ಸನ್ಮಾನದ ಹರಿವಾಣ ಸಿದ್ಧವಾಗಿತ್ತು. ನಾನು ಶಾಲು ಎತ್ತಿಕೊಂಡೆ. ಯಾರೋ ಫೋಟೋಕ್ಕೆ ಫೋನ್ ಹಿಡಿದರು. ಅಂಕಲ್ ಎದೆ ಸೆಟೆಸಿ ಕೂತರು. ನಾನು ಅವರನ್ನು ಬಳಸಿ ಹಿಂದೆ ಹೋಗಿ, ಮಂಡಿಯೂರಿ, ಶಾಲನ್ನು ಸುರುಳಿ ಸುತ್ತಿ ಬಾಗಿಲ ಸಂದಿಗೆ ಈ ತುದಿಯಿಂದ ಆ ತುದಿಯವರೆಗೆ ಗಿಡಿದೆ.

"ಏನಮ್ಮ ಇದು?"

"ನಿಮಗೇ ಅಂತ ತಂದಿದ್ದು ಅಂಕಲ್. ರಬ್ಬರ್ ಪಟ್ಟಿ ನೀವು ಕಿತ್ತಾಕಿದ್ರಿ. ಮೆಲ್ಬರ್ನ್‌ನಲ್ಲಿ ನೀವು ಪೇಪರ್ ತುರುಕಿದ್ರಂತೆ. ನಮ್ಮನೇಲಿ ಪೇಪರ್ ತರ್ಸಲ್ಲ. ಶಾಲಿತ್ತು."

ಅಂಕಲ್ ಎದ್ದು ನಿಂತರು. ಮುಖ ಕೆಂಪಗಾಗಿತ್ತು. "ನಾಲ್ಕು ಜನದ ಮುಂದೆ ಹೀಗಾ? ನಮ್ಮವರು ಅಂತ ಮನೆ ಕೊಟ್ಟೆ. ಕಷ್ಟ ಆದ್ರೆ ಬೇರೆ ಮನೆ ನೋಡ್ಕೊಳ್ಳಿ."

ಗುರುದತ್ತ ಇಷ್ಟು ದಿನ ಹೆದರಿದ್ದು ಈ ಮಾತಿಗೇ. ನನಗೂ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದ್ಯಾಳ ಶಾಲೆ ಇದೇ ಬೀದಿಯಲ್ಲಿದೆ. ಆದರೆ ಬಾಯಿಂದ ಬಂದದ್ದು ಬೇರೆ.

"ನೋಡ್ಕೋತೀವಿ. ಇಲ್ಲಿರೋವರ್ಗೂ ನನ್ ಮಗಳು ಈ ಗಾಳೀಲಿ ಮಲಗಲ್ಲ. ನಮ್ಮವರು ಅಂತ ಎರಡು ವರ್ಷ ನಾವು ಬಾಯ್ಮುಚ್ಕೊಂಡಿದ್ವಿ. ನಮ್ಮವರು ಅಂತ ನೀವೂ ಒಂದ್ಸಲ ಏಣಿ ಹತ್ತಿ ನೋಡ್ಬಹುದಿತ್ತು."

ಗುರುದತ್ತ ಮುಂದೆ ಬಂದ. ಸಾರಿ ಕೇಳಲು ಬಂದ ಎಂದುಕೊಂಡೆ. ಅವನು ಹರಿವಾಣದಿಂದ ಪೇಟ ಎತ್ತಿಕೊಂಡು ಸೀದಾ ಕಿಟಕಿಯ ಹತ್ತಿರ ಹೋದ. ಬಾಯಿಬಿಟ್ಟ ಮೂಲೆಗೆ ಅದನ್ನು ಒತ್ತಿದ. ಹಿಡಿಸಲಿಲ್ಲ. ಹೆಬ್ಬೆರಳಿನಿಂದ ಜರಿ ಅಂಚು ಮಡಿಸಿ ಮಡಿಸಿ, ಹಿಡಿಸುವ ತನಕ ತುರುಕಿದ. ಆಮೇಲೆ ತಿರುಗಿ ನನ್ನ ಪಕ್ಕ ಬಂದು ನಿಂತ. ಮದುವೆಯಾದಂದಿನಿಂದ ನನಗೆ ಅವನ ಮೇಲೆ ಅಷ್ಟು ಪ್ರೀತಿ ಯಾವತ್ತೂ ಬಂದಿರಲಿಲ್ಲ.

ಸಂಧ್ಯಾರಾಣಿ ಆಂಟಿ ಬತ್ತಿ ಹಚ್ಚಿದರು. ಈ ಸಲ ದೀಪ ನೆಟ್ಟಗೆ ನಿಂತಿತು. ಅವರು ಅದನ್ನೇ ನೋಡುತ್ತ ಹೇಳಿದರು. "ರೀ, ಮೆಲ್ಬರ್ನ್ ಮನೆ ಓನರ್‌ನ ನೀವು ಚಳಿಗಾಲ ಪೂರ್ತಿ ಏನೇನು ಬೈತಿದ್ರಿ ಅಂತ ಇವ್ರಿಗೆ ಹೇಳ್ಲಾ?"

ಕಥೆಯ ಆ ಭಾಗವನ್ನು ನಾವು ಯಾರೂ ಕೇಳಿರಲಿಲ್ಲ. ಅಂಕಲ್ ಹೆಂಡತಿಯನ್ನು ನೋಡಿದರು, ದೀಪವನ್ನು ನೋಡಿದರು, ಮಗುವಿನ ಜಾಕೆಟ್ಟನ್ನು ನೋಡಿದರು.

"ಮೊದ್ಲು ಆರತಿ ಆಗ್ಲಿ" ಎಂದು ಕೂತರು.

ಆರತಿಯಾಯಿತು. ಹಾಡು ಮುಗಿಯುವವರೆಗೂ ದೀಪ ಅಲುಗಲಿಲ್ಲ. ಆದ್ಯಾ ಜಾಕೆಟ್ ಬಿಚ್ಚುತ್ತ, "ಅಮ್ಮಾ, ಕ್ಯಾನ್ ಐ ಸ್ಲೀಪ್ ಹಿಯರ್ ಟುನೈಟ್?" ಎಂದಳು. ಮಲಗು ಕಂದ ಎಂದೆ.

ಊಟ ಮುಗಿಸಿ ಹೊರಡುವಾಗ ಅಂಕಲ್ ಶೂ ಹಾಕಿಕೊಳ್ಳುತ್ತ, ನನ್ನ ಮುಖ ನೋಡದೆ ಹೇಳಿದರು. "ಮುಂದಿನ ವಾರ ಇನ್ಸುಲೇಷನ್‌ನವ್ರನ್ನ ಕಳಿಸ್ತೀನಿ. ಬಾಗ್ಲು, ಕಿಟಕಿನೂ ನೋಡ್ತಾರೆ. ಆ ಶಾಲು ತೆಗೆದ್ಬಿಡಮ್ಮ, ಚೆನ್ನಾಗಿ ಕಾಣಲ್ಲ."

"ಅವ್ರು ಬಂದು ಕೆಲ್ಸ ಮುಗಿಸ್ಲಿ ಅಂಕಲ್" ಎಂದೆ. "ಆಮೇಲೆ ಒಗೆದು, ಇಸ್ತ್ರಿ ಮಾಡಿ, ನಿಮ್ಮನ್ನ ಅದೇ ರೂಮಲ್ಲಿ ಕೂರಿಸಿ ಹೊದಿಸ್ತೀನಿ."